ಅಮ್ಮನ ಬಾಯಲ್ಲಿ ಒಂದು ಕ್ರಿಯಾಪದ

ನನ್ನ ಬಗ್ಗೆ ನನಗೇ ಒಂದು ಸಣ್ಣ ಅನುಮಾನ ಹುಟ್ಟಿಕೊಂಡಿದೆ: ನಾನು ಅಷ್ಟೇನೂ ಒಳ್ಳೆಯವಳಲ್ಲ. ಕಡಿಮೆ ಮಾತಾಡುವವರನ್ನು ಜನ ಸುಮ್ಮನೆ ಒಳ್ಳೆಯವರ ಪಟ್ಟಿಗೆ ಸೇರಿಸಿಬಿಡುತ್ತಾರೆ. ನಮ್ಮೂರಿನಲ್ಲಿ ನನ್ನನ್ನೂ ಹಾಗೇ ಸೇರಿಸಿದ್ದಾರೆ. ಆದರೆ ಅಮ್ಮ ಅಡುಗೆಮನೆಯಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು, ಆ ಒಂದು ಕ್ರಿಯಾಪದ ಹೇಳಲು ಬಾಯಿ ತೆರೆದಳೆಂದರೆ ನನ್ನ ದವಡೆ ತಾನಾಗಿ ಬಿಗಿಯುತ್ತದೆ. ಕೈಯಲ್ಲಿ ಚಮಚವಿದ್ದರೆ ಎಲ್ಲಾದರೂ ಎಸೆಯೋಣ ಅನ್ನಿಸುತ್ತದೆ. ದಿನಚರಿಯಲ್ಲಿ ಇದನ್ನು ಬರೆಯಲು ಕೂತರೆ ನಾಚಿಕೆಯಾಗಿ, ಗಾಳಿ ಜೋರಾಗಿತ್ತು, ಸಮುದ್ರ ಬೂದು ಬಣ್ಣಕ್ಕಿತ್ತು ಎಂದು ಬರೆದು ಮುಚ್ಚಿಡುತ್ತೇನೆ.

ಒಂದು ಕ್ರಿಯಾಪದಕ್ಕಾಗಿ ಹೆತ್ತ ತಾಯಿಯ ಮೇಲೆ ಸಿಟ್ಟಾಗುವ ಮಗಳು. ಅದೂ ವೆಲ್ಷ್ ಭಾಷೆಯಲ್ಲೇ ಪದವಿ ಮುಗಿಸಿ, ಕೆಲಸ ಸಿಗದೆ ಮನೆಗೆ ವಾಪಸ್ಸು ಬಂದು, ಅಮ್ಮ ಮಾಡಿ ಹಾಕಿದ್ದನ್ನು ತಿಂದುಕೊಂಡಿರುವ ಮಗಳು.

ಅಮ್ಮ ಇಂಗ್ಲಿಷಿನವಳು. ಹೆಸರು ಡೆನೀಸ್. ಮ್ಯಾಂಚೆಸ್ಟರಿನ ಪಕ್ಕದ ಸ್ಟಾಕ್‌ಪೋರ್ಟಿನಿಂದ ಒಂದು ಬೇಸಿಗೆಯಲ್ಲಿ, ವೆಲ್ಷ್ ನಾಡಿನ ನಮ್ಮ ನೆವಿನ್ ಕಡಲತೀರದಲ್ಲಿ ರಜೆಗೆ ಬರುವವರು ತಂಗುವ ಕ್ಯಾರವಾನ್ ಪಾರ್ಕಿಗೆ ಐಸ್‌ಕ್ರೀಂ ಮಾರಲು ಬಂದಳು. ಅಂಗಡಿಯ ಫ್ರೀಜರ್ ಕೆಟ್ಟಿತು. ರಿಪೇರಿಗೆ ಬಂದವನು ಅಪ್ಪ, ಹೆಸರು ಇವೊರ್. ಇಬ್ಬರೂ ಮೊದಲು ಮಾತಾಡಿದ್ದು ಇಂಗ್ಲಿಷಿನಲ್ಲಿ. ನಮ್ಮ ಕಡೆ ಇದೊಂದು ವಿಚಿತ್ರ: ಯಾವ ಭಾಷೆಯಲ್ಲಿ ಪರಿಚಯವಾಯಿತೋ ಅದರಲ್ಲೇ ಸಂಸಾರವೂ ಸಾಗಬೇಕು, ಜಗಳವೂ ಆಗಬೇಕು. ನಡುವೆ ಬದಲಾಯಿಸಲು ಹೋದರೆ ಬೇರೆ ಯಾರದೋ ಗಂಡನೊಂದಿಗೆ ಮಾತಾಡಿದ ಹಾಗಾಗುತ್ತದಂತೆ. ಹೀಗಾಗಿ ಅಪ್ಪ ನನ್ನೊಂದಿಗೆ ವೆಲ್ಷ್, ಅಮ್ಮನೊಂದಿಗೆ ಇಂಗ್ಲಿಷ್. ನಾನೂ ಹಾಗೇ. ದೊಡ್ಡಪ್ಪ ದೊಡ್ಡಮ್ಮ ಊಟಕ್ಕೆ ಬಂದಾಗ ಮೇಜಿನ ಸುತ್ತ ವೆಲ್ಷ್ ಭೋರ್ಗರೆಯುತ್ತಿರುತ್ತದೆ. ಅಮ್ಮ ಆಲೂಗಡ್ಡೆಯ ಬೋಗುಣಿ ಹಿಡಿದು ಬಾಗಿಲಲ್ಲಿ ಕಂಡ ಕೂಡಲೇ ಎಲ್ಲರೂ ಅರ್ಧ ವಾಕ್ಯದಲ್ಲೇ ಇಂಗ್ಲಿಷಿಗೆ ಹೊರಳುತ್ತಾರೆ. ಯಾರೂ ಸನ್ನೆ ಮಾಡಬೇಕಿಲ್ಲ. ಕೋಣೆಯಲ್ಲಿ ಒಬ್ಬರಿಗೆ ಬಾರದಿದ್ದರೂ ಮಿಕ್ಕವರೆಲ್ಲ ಹೊರಳಬೇಕು. ನಮ್ಮಲ್ಲಿ ಅದು ಮರ್ಯಾದೆ.

ಈ ಮರ್ಯಾದೆಯಲ್ಲಿ ಅಮ್ಮ ಮೂವತ್ತು ವರ್ಷ ಕಳೆದಿದ್ದಾಳೆ.

ಈ ಕ್ರಿಯಾಪದದ ರಗಳೆ ಶುರುವಾದದ್ದು ನೈನ್‌ಳಿಂದ. ನೈನ್ ಅಂದರೆ ವೆಲ್ಷಿನಲ್ಲಿ ಅಜ್ಜಿ, ಅಪ್ಪನ ಅಮ್ಮ. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬಳೇ ಇದ್ದಾಳೆ, ತೊಂಬತ್ತಕ್ಕೆ ಹತ್ತಿರ, ನಾಲಿಗೆ ಮಾತ್ರ ಇಪ್ಪತ್ತರದು. ಅವಳನ್ನು ಪ್ರತಿ ಶುಕ್ರವಾರ ಪುಹ್ಲೆಲಿ ಪೇಟೆಗೆ ತಲೆಗೂದಲು ಸೆಟ್ ಮಾಡಿಸಲು ಕಾರಿನಲ್ಲಿ ಕರೆದೊಯ್ಯುವುದು ಅಮ್ಮನ ಕೆಲಸ. ಹೋದ ತಿಂಗಳು ಒಂದು ಶುಕ್ರವಾರ ಅಮ್ಮ ವಾಪಸ್ಸು ಬಂದವಳೇ ಕೋಟು ಕೂಡ ಬಿಚ್ಚದೆ ನನ್ನ ಎದುರು ಕೂತಳು.

"ಲೂ, ನಿಂಗೊಂದು ವಿಷಯ ಹೇಳ್ತೀನಿ. ನಿಮ್ಮಪ್ಪನ ಹತ್ರ ಬಾಯಿ ಬಿಡಬಾರದು."

ನನ್ನ ಹೆಸರು ಲೂ ಅಲ್ಲ, ಹ್ಲೈಕಿ. ನೈನ್ ಇಟ್ಟ ಹೆಸರು. ಮೊದಲ ಅಕ್ಷರಕ್ಕೆ ನಾಲಿಗೆಯನ್ನು ಹಲ್ಲಿನ ಹಿಂದೆ ಒತ್ತಿಟ್ಟುಕೊಂಡು ಪಕ್ಕದಿಂದ ಉಸಿರು ಬಿಡಬೇಕು, ಸಿಟ್ಟುಗೊಂಡ ಹೆಬ್ಬಾತಿನ ಹಾಗೆ. ಅಮ್ಮನಿಗೆ ಅದು ಬರಲಿಲ್ಲ. ತೊಟ್ಟಿಲಲ್ಲಿದ್ದಾಗಲೇ ನಾನು ಲೂ ಆಗಿಬಿಟ್ಟೆ.

"ಪಾರ್ಲರಲ್ಲಿ ಪಕ್ಕದ ಕುರ್ಚೀಲಿ ಒಬ್ಬರು ಅಜ್ಜಿ ಕೂತಿದ್ರು," ಅಂದಳು ಅಮ್ಮ. "ಯಾರಿವಳು, ವಾರಾ ವಾರಾ ಕರ್ಕೊಂಡ್ ಬರ್ತಾಳಲ್ಲ ಅಂತ ನಿಮ್ಮಜ್ಜಿನ ಕೇಳಿದ್ರು. ವೆಲ್ಷಲ್ಲಿ. ಅದಕ್ಕೆ ನಿಮ್ಮಜ್ಜಿ ಏನಂದ್ರು ಗೊತ್ತಾ? 'ಇವೊರ್ ಹೆಂಡತಿ. ಇಂಗ್ಲಿಷಿನವಳು, ಪಾಪ. ಅವಳ ಎದುರಿಗೆ ಇಂಗ್ಲಿಷಲ್ಲೇ ಮಾತಾಡು, ನಮ್ದು ಅವಳಿಗೆ ಒಂದಕ್ಷರ ತಿಳಿಯಲ್ಲ.' ಪ್ರತಿಯೊಂದು ಪದ ಅರ್ಥ ಆಯ್ತು ಲೂ ನಂಗೆ. ಆ 'ಪಾಪ' ಕೂಡ."

"ನೈನ್ ಬೇಕು ಅಂತ ಹೇಳಿರಲ್ಲಮ್ಮ..."

"ಬೇಕು ಅಂತ ಹೇಳಿದ್ರೆ ಜಗಳ ಆಡ್ತಿದ್ದೆ. ಪ್ರೀತಿಯಿಂದ ಹೇಳಿದ್ರು, ಅದಕ್ಕೇ ಉರಿತಿರೋದು." ಕೋಟಿನ ಗುಂಡಿ ತಿರುಗಿಸಿದಳು. "ಅವರ ತೊಂಬತ್ತನೇ ಹುಟ್ಟುಹಬ್ಬಕ್ಕೆ ನಮ್ಮನೆಯಿಂದ ನಾನು ಎದ್ದು ಮಾತಾಡ್ತೀನಿ. ವೆಲ್ಷಲ್ಲಿ. ಅವರು ಬದುಕಿರೋದ್ರೊಳಗೆ ನನ್ನ ಬಾಯಿಂದ ಒಂದು ವಾಕ್ಯ, ಒಂದೇ ವಾಕ್ಯ, ಮೊದಲಿಂದ ಕೊನೇವರೆಗೂ ಕೇಳ್ಬೇಕು ಅವರು. ನೀನು ಕಲಿಸ್ಕೊಡ್ತೀಯ."

ನಮ್ಮ ಕುಟುಂಬದಲ್ಲಿ ದೊಡ್ಡ ಹುಟ್ಟುಹಬ್ಬವೆಂದರೆ ಚಾಪೆಲ್ಲಿನ, ಅಂದರೆ ಊರಿನ ಪ್ರಾರ್ಥನಾಮಂದಿರದ, ಹಿಂದಿನ ವೆಸ್ಟ್ರಿ ಕೋಣೆಯಲ್ಲಿ ಚಹಾಕೂಟ. ಒಂದೊಂದು ಮನೆಯ ಪರವಾಗಿ ಒಬ್ಬೊಬ್ಬರು ಎದ್ದು ಒಂದೆರಡು ಮಾತು ಹೇಳಬೇಕು. ನಮ್ಮ ಮನೆಯಿಂದ ಯಾವಾಗಲೂ ಅಪ್ಪ ಏಳುತ್ತಾನೆ, "ಎಲ್ಲರಿಗೂ ಥ್ಯಾಂಕ್ಸು" ಅನ್ನುತ್ತಾನೆ, ಕೂರುತ್ತಾನೆ. ಆಗ ಅಮ್ಮ ದೊಡ್ಡ ಟೀಪಾಟು ಹಿಡಿದು ಮೇಜಿನಿಂದ ಮೇಜಿಗೆ ಸುತ್ತುತ್ತಿರುತ್ತಾಳೆ. ಟೀ ಬಗ್ಗಿಸಲು ಭಾಷೆ ಬೇಕಿಲ್ಲವಲ್ಲ.

ಏನು ಹೇಳಬೇಕೆಂದಿದ್ದೀಯ ಎಂದು ಕೇಳಿದೆ. "ನಾನು ಇಲ್ಲಿಗೆ ಒಂದು ಬೇಸಿಗೆಗೆ ಅಂತ ಬಂದೆ, ಉಳಿದುಬಿಟ್ಟೆ," ಅಂದಳು. "ಅಷ್ಟೇ. ಇನ್ನೇನಿದೆ ಹೇಳೋದಕ್ಕೆ?"

ಅಷ್ಟೇ ತಾನೇ, ಎರಡು ದಿನದ ಕೆಲಸ ಎಂದುಕೊಂಡೆ. ನನ್ನ ಓದಿಗಿಷ್ಟು ಬೆಂಕಿ.

'ಬಂದೆ' ಸುಲಭವಾಗಿಯೇ ಬಂತು. ತಾಪತ್ರಯವೆಲ್ಲ 'ಉಳಿದೆ'ಯದು. 'ಉಳಿ' ಎನ್ನುವುದಕ್ಕೆ ನಮ್ಮಲ್ಲಿ 'ಆರೊಸ್'. ನೋಡಲು ಎಷ್ಟು ಸಾಧು. ಆದರೆ ಭೂತಕಾಲಕ್ಕೆ ತಿರುಗಿಸಿದ ಕೂಡಲೇ ಎಲ್ಲಿಂದಲೋ ಒಂದು ಹಕಾರ ಬಂದು ನಡುವೆ ಕಾಲು ಚಾಚಿ ಕೂರುತ್ತದೆ: ಅರ್ಹೊಸೈಸ್ ಇ, ನಾನು ಉಳಿದೆ. ಅಮ್ಮನ ಊರಿನವರು ಪದದ ನಡುವಿನ ರಕಾರವನ್ನು ನುಂಗಿ ನೀರು ಕುಡಿಯುವವರು. ಅವಳು 'ಆಹೊಸೈಸ್' ಅಂದಳು. ರ ಎಲ್ಲಿ ಅಂದೆ. 'ಅರೋಸೈಸ್' ಅಂದಳು. ಈಗ ಹ ಎಲ್ಲಿ ಅಂದೆ. ರ ಬಂದರೆ ಹ ಇರುವುದಿಲ್ಲ, ಹ ಬಂದರೆ ರ ಇರುವುದಿಲ್ಲ. ಒಂದೇ ಒಲೆಯ ಮುಂದೆ ನಿಲ್ಲಲೊಲ್ಲದ ಓರಗಿತ್ತಿಯರ ಹಾಗೆ.

"ಈ ಹ ಯಾಕೆ ಬಂತು ಮೊದ್ಲು ಹೇಳು," ಅಂದಳು ಅಮ್ಮ, ಕ್ಯಾರೆಟ್ ಹೆರೆಯುತ್ತ.

"ಉಚ್ಚಾರದ ಒತ್ತು ಮುಂದಿನ ಅಕ್ಷರಕ್ಕೆ ಜರುಗುತ್ತಲ್ಲಮ್ಮ, ಅದಕ್ಕೆ."

"ಜರುಗಲಿ. ಹಕಾರ ಯಾಕೆ?"

"ಬರುತ್ತೆ ಅಷ್ಟೇ!"

"ಪದವಿ ಮಾಡಿದೀಯಲ್ಲ, 'ಬರುತ್ತೆ ಅಷ್ಟೇ' ಅಂತಾನಾ ಪರೀಕ್ಷೇಲಿ ಬರೆದಿದ್ದು?"

ಬರಿಯ 'ನಾನು' ಸಾಕು ಎಂದರೆ ಕೇಳಲಿಲ್ಲ. ಎಲ್ಲ ರೂಪಗಳೂ ಬೇಕಂತೆ, ಯಾರಾದರೂ ತಿರುಗಿ ಏನಾದರೂ ಕೇಳಿದರೆ ಪೆಚ್ಚಾಗಬಾರದಂತೆ. ನೀನು ಉಳಿದೆ, ಅವನು ಉಳಿದ, ನಾವು ಉಳಿದೆವು, ನೀವು ಉಳಿದಿರಿ. 'ನೀವು' ಬಂದಾಗ ಕೊನೆಯಲ್ಲಿ ಗಂಟಲ ಆಳದಿಂದ ಕೆರೆದು ತರಬೇಕಾದ ಒಂದು ಖಕಾರವಿದೆ. ಅದನ್ನು ಹೇಳಲು ಹೋಗಿ ಅಮ್ಮನಿಗೆ ಕೆಮ್ಮು ಹತ್ತಿಕೊಂಡಿತು. ನಾನು ನೀರು ಕೊಡುವುದು ಬಿಟ್ಟು "ಕೆಮ್ಮಬೇಡ, ಖ ಅನ್ನು" ಅಂದೆ. ಅನ್ನುತ್ತಿದ್ದ ಹಾಗೇ ನನ್ನ ದನಿ ನನಗೇ ಕೇಳಿಸಿತು.

ಅಷ್ಟರ ಮೇಲೆ ನೈನ್‌ಳ ಕಾಟ ಬೇರೆ. ಮುಂದಿನ ಶುಕ್ರವಾರ ಅಮ್ಮ ಗೆದ್ದವಳ ಹಾಗೆ ಒಳಗೆ ಬಂದಳು.

"ನಿನ್ನ ಹಕಾರ ಎತ್ತಿಡು. ಇವತ್ತು ಕಾರಲ್ಲಿ ನಿಮ್ಮಜ್ಜಿ ಫೋನಲ್ಲಿ ಮಾತಾಡ್ತಿದ್ರು. 'ಉಳಿದೆ' ಅನ್ನೋಕೆ 'ರೊಸಿಶ್ ಇ' ಅಂದ್ರು! ಮುಂದೆ ಅ ಇಲ್ಲ, ಮಧ್ಯೆ ಹ ಇಲ್ಲ, ಏನೂ ಇಲ್ಲ. ಚಿಕ್ಕದಾಗಿ ಚೊಕ್ಕದಾಗಿ."

"ಅದು ಆಡುಮಾತಮ್ಮ."

"ಮತ್ತೆ ನಾನೇನು ಪ್ರವಚನ ಮಾಡಕ್ ಹೋಗ್ತಿದೀನಾ?"

"ಎಲ್ಲರ ಮುಂದೆ ಹೇಳೋವಾಗ ಪೂರ್ತಿ ರೂಪ ಹೇಳಿದ್ರೆ ಚೆನ್ನಾಗಿರುತ್ತೆ. ಇಲ್ಲಾಂದ್ರೆ ಮೆನ್ನಾ ದೊಡ್ಡಮ್ಮ ತಪ್ಪು ಅಂದ್ಕೋತಾರೆ."

ಮೆನ್ನಾ ದೊಡ್ಡಮ್ಮ ಶಾಲೆಯಲ್ಲಿ ಮೇಡಂ ಆಗಿ ನಿವೃತ್ತಿಯಾದವಳು. ಜನ್ಮದಿನದ ಕಾರ್ಡುಗಳಲ್ಲಿರುವ ವ್ಯಾಕರಣ ತಪ್ಪುಗಳನ್ನೂ ಪೆನ್ನಿನಿಂದ ತಿದ್ದುತ್ತಾಳೆ. ಅಮ್ಮ ನಿಟ್ಟುಸಿರಿಟ್ಟು, "ಸರಿ, ಪೂರ್ತಿಯಾಗೇ ಹೇಳ್ತೀನಿ," ಅಂದಳು. ನಾನು ಮೆನ್ನಾ ದೊಡ್ಡಮ್ಮನ ಹೆಸರು ಹೇಳಿದ್ದು ಸುಳ್ಳು. ತಪ್ಪು ಅನ್ನಿಸುತ್ತಿದ್ದದ್ದು ನನಗೆ.

ಅಭ್ಯಾಸಕ್ಕೆಂದು ಅಮ್ಮ ಊರಲ್ಲೂ ವೆಲ್ಷ್ ಪ್ರಯೋಗಿಸತೊಡಗಿದಳು. ಅದನ್ನು ನೋಡುವ ಯೋಗ ನನಗೆ ನೆಸ್ತಾಳ ಅಂಗಡಿಯಲ್ಲಿ ಬಂತು. ನೆಸ್ತಾ ಇಡೀ ದಿನ ವೆಲ್ಷಿನಲ್ಲೇ ಹರಟುವವಳು. ಅಮ್ಮ ಕೌಂಟರಿನ ಮುಂದೆ ನೆಟ್ಟಗೆ ನಿಂತು, ಉಸಿರೆಳೆದುಕೊಂಡು, ವೆಲ್ಷಿನಲ್ಲಿ ಹ್ಯಾಮ್ ಕೇಳಿದಳು.

ನೆಸ್ತಾ ಇಂಗ್ಲಿಷಿನಲ್ಲಿ, "ತೆಳ್ಳಗೆ ಕೊಯ್ಲಾ, ದಪ್ಪಗಾ ಡೆನೀಸ್?" ಅಂದಳು.

ಅಮ್ಮ ವೆಲ್ಷಿನಲ್ಲಿ, "ತೆಳ್ಳಗೆ."

ನೆಸ್ತಾ ಇಂಗ್ಲಿಷಿನಲ್ಲಿ, ಈ ಸಲ ಸ್ವಲ್ಪ ಜೋರಾಗಿ, ಕಿವುಡರಿಗೆ ಹೇಳುವ ಹಾಗೆ: "ಇಷ್ಟು ಸಾಕಾ?"

"ಸಾಕು," ಅಂದಳು ಅಮ್ಮ ವೆಲ್ಷಿನಲ್ಲೇ. ಕುತ್ತಿಗೆ ಕೆಂಪಾಗಿತ್ತು. "ಗಾಳಿ ಇದೆ ಇವತ್ತು."

"ಅಯ್ಯೋ, ಎಷ್ಟು ಚೆನ್ನಾಗಿ ಕಲ್ತಿದೀಯಾ!" ಅಂದಳು ನೆಸ್ತಾ. ಇಂಗ್ಲಿಷಿನಲ್ಲಿ. ನಂತರ ನನ್ನ ಕಡೆ ತಿರುಗಿ, ಗುಟ್ಟು ಹೇಳುವವಳ ಹಾಗೆ ವೆಲ್ಷಿನಲ್ಲಿ, "ನಿಮ್ಮಮ್ಮ ಕಷ್ಟಪಡ್ತಾಳೆ ಪಾಪ. ಇಂಗ್ಲಿಷಲ್ಲಿ ಮಾತಾಡಿದ್ರೆ ನಂಗೇನೂ ಬೇಜಾರಿಲ್ಲ ಅಂತ ಹೇಳು ಅವಳಿಗೆ," ಅಂದಳು.

ನಾನು ಏನು ಹೇಳಿದೆ? ಮುಗುಳ್ನಕ್ಕೆ. ನಾನು ಯಾವಾಗಲೂ ಮಾಡುವುದು ಅದೇ.

ಹೊರಗೆ ಬಂದ ಮೇಲೆ ಅಮ್ಮ ಹ್ಯಾಮಿನ ಪೊಟ್ಟಣವನ್ನು ಕಾರಿನ ಸೀಟಿಗೆ ಒಗೆದಳು. "ನಾನೇನು ಅವಳ ಕಾಲು ತುಳಿದ್ನಾ? ಬಾಯಿ ತೆಗೆದ ತಕ್ಷಣ ಯಾಕೆ ಎಲ್ರೂ ನನ್ನ ಕೈ ಹಿಡ್ಕೊಂಡು ರಸ್ತೆ ದಾಟಿಸಕ್ಕೆ ಬರ್ತಾರೆ?"

"ಒಳ್ಳೇತನಕ್ಕಮ್ಮ. ನಿನಗೆ ಕಷ್ಟ ಆಗಬಾರದು ಅಂತ."

"ನಂಗೆ ಕಷ್ಟ ಆಗ್ಬೇಕು ಲೂ! ಕಷ್ಟ ಪಡೋಕೆ ತಾನೇ ಹೋಗಿದ್ದು!"

ಮನೆಗೆ ಬರುವ ದಾರಿಯಲ್ಲಿ ಮತ್ತೆ ಶುರು. ಗೇರ್ ಬದಲಾಯಿಸುವಾಗೊಮ್ಮೆ ಒಂದು ರೂಪ. ನಾನು ಉಳಿದೆ, ನೀನು ಉಳಿದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ನನ್ನ ಸಹನೆ ಹರಿದಿತ್ತು. ಅವಳು 'ಅರ್...' ಎನ್ನುವುದರೊಳಗೆ ನಾನೇ ಮಿಕ್ಕದ್ದನ್ನು ಮುಗಿಸಿದೆ. ಮತ್ತೆ ಶುರು ಮಾಡಿದಳು, ಮತ್ತೆ ನಾನೇ ಮುಗಿಸಿದೆ. ಅವಳು ಪದದೊಳಗೆ ಹುಡುಕಾಡುವ ಆ ಖಾಲಿ ಗಳಿಗೆ ಇದೆಯಲ್ಲ, ಅದನ್ನು ನನ್ನಿಂದ ತಡೆಯಲಾಗುತ್ತಿರಲಿಲ್ಲ. ಮಕ್ಕಳು ಮೊದಲ ಹೆಜ್ಜೆ ಇಡುವಾಗ ಜನ ಉಸಿರು ಬಿಗಿಹಿಡಿದು ನೋಡುತ್ತಾರಂತೆ. ನನಗಾದರೋ ಎತ್ತಿ ಕಂಕುಳಲ್ಲಿ ಇರುಕಿಕೊಂಡು ಹೋಗಿಬಿಡೋಣ ಅನ್ನಿಸುತ್ತಿತ್ತು.

"ನಂಗ್ ಹೇಳೋಕ್ ಬಿಡ್ತೀಯಾ?"

"ಹೇಳು ಮತ್ತೆ. ಸರಿಯಾಗಿ ಹೇಳು."

"ಆಹೊ... ಅರ್..."

"ಅಮ್ಮ, ಸಾಕು. ಇಂಗ್ಲಿಷಲ್ಲೇ ಹೇಳ್ಬಿಡು. ಎಲ್ಲರಿಗೂ ಅರ್ಥ ಆಗುತ್ತೆ."

ಕಾರು ನಮ್ಮ ಮನೆಯ ಮುಂದೆ ನಿಂತಿತು. ಅಮ್ಮ ಎಂಜಿನ್ ಆಫ್ ಮಾಡಿದಳು. ಬೈದಿದ್ದರೆ ಚೆನ್ನಾಗಿತ್ತು. "ಹೂಂ," ಎಂದಷ್ಟೇ ಹೇಳಿ, ಹ್ಯಾಮ್ ಎತ್ತಿಕೊಂಡು ಒಳಗೆ ಹೋಗಿ, ಇಸ್ತ್ರಿ ಮಾಡಬೇಕಿಲ್ಲದ ಟವೆಲ್‌ಗಳಿಗೆಲ್ಲ ಇಸ್ತ್ರಿ ಹಾಕತೊಡಗಿದಳು.

ಅಂದಿನಿಂದ ಪಾಠ ನಿಂತಿತು. ನನಗೆ ನಿರಾಳವಾಗಬೇಕಿತ್ತು. ಬದಲಿಗೆ ಇನ್ನೂ ಸಿಡಿಮಿಡಿ. ಅಪ್ಪನಿಗೂ ಏನೋ ವಾಸನೆ ಬಡಿದಿತ್ತು.

"ನಿಮ್ಮಿಬ್ಬರಿಗೂ ಏನಾಗಿದೆ?" ಎಂದು ಗ್ಯಾರೇಜಿನಲ್ಲಿ ಎಣ್ಣೆ ಕೈ ಒರೆಸಿಕೊಳ್ಳುತ್ತ ಕೇಳಿದ. "ನಿಮ್ಮಮ್ಮ ಬಾತ್‌ರೂಮಲ್ಲಿ ಒಬ್ಬಳೇ ಏನೋ ಗೊಣಗ್ತಾಳೆ. ನಲ್ಲಿ ಜೋರಾಗಿ ಬಿಟ್ಕೊಂಡು."

"ಏನು ಗೊಣಗ್ತಾಳೆ?"

"ಯಾರಿಗ್ ಗೊತ್ತು. ಯಾರಿಗೋ ಶಾಪ ಹಾಕಿದ ಹಾಗಿತ್ತು."

ಮರುದಿನ ಬೆಳಿಗ್ಗೆ ನಾನು ಬಾತ್‌ರೂಮಿನ ಬಾಗಿಲಾಚೆ ನಿಂತು ಕೇಳಿಸಿಕೊಂಡೆ. ನಲ್ಲಿಯ ಸದ್ದಿನ ನಡುವೆ ಅಮ್ಮ. ನಿಧಾನ, ತೀರಾ ನಿಧಾನ. ಅರ್, ಅಂದಳು. ನಿಂತಳು. ನನ್ನ ತುಟಿ ತಾನಾಗಿ ಆಡಿತು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡೆ. ಎಷ್ಟು ಹೊತ್ತು ನಿಂತಳೆಂದರೆ ಮರೆತೇಬಿಟ್ಟಳೇನೋ ಎಂದುಕೊಂಡೆ. ಆಮೇಲೆ, ಹೊಸೈಸ್ ಇ. ರ ಇತ್ತು. ಹ ಇತ್ತು. ನಡುವೆ ಒಂದು ಎತ್ತಿನ ಗಾಡಿ ಹೋಗುವಷ್ಟು ಜಾಗವೂ ಇತ್ತು, ನಿಜ. ಆದರೆ ಪದ ಪೂರ್ತಿ ಇತ್ತು.

ನಾನು ಸದ್ದಿಲ್ಲದೆ ಕೆಳಗಿಳಿದು ಹೋದೆ. ಕೇಳಿಸಿತು, ಚೆನ್ನಾಗಿತ್ತು ಎಂದು ಹೇಳಬಹುದಿತ್ತು. ಹೇಳಲಿಲ್ಲ. ಚಹಾ ಮಾಡಿಟ್ಟೆ.

ಹುಟ್ಟುಹಬ್ಬದ ಶನಿವಾರ ವೆಸ್ಟ್ರಿಯ ಕಿಟಕಿಗಳೆಲ್ಲ ಆವಿಯಿಂದ ಮಂಜಾಗಿದ್ದವು. ಉದ್ದ ಮೇಜುಗಳ ಮೇಲೆ ಚಾಪೆಲ್ಲಿನ ಹೆಸರು ಬರೆದ ಬಿಳಿ ಕಪ್ಪುಗಳು, ಹ್ಯಾಮ್ ಮತ್ತು ಮೊಟ್ಟೆಯ ಸ್ಯಾಂಡ್‌ವಿಚ್, ಬೆಣ್ಣೆ ಸವರಿದ ಒಣದ್ರಾಕ್ಷಿಯ ಬ್ರೆಡ್ಡು ಬಾರಾ ಬ್ರಿಥ್, ಗಾಜಿನ ಬೋಗುಣಿಯಲ್ಲಿ ಕಸ್ಟರ್ಡಿನ ಟ್ರೈಫಲ್. ನೈನ್ ಹೊಸದಾಗಿ ಸೆಟ್ ಮಾಡಿಸಿದ ಕೂದಲಲ್ಲಿ, ಕಾಲರಿಗೆ ಬ್ರೋಚ್ ಸಿಕ್ಕಿಸಿಕೊಂಡು ನಡುವೆ ಕೂತಿದ್ದಳು. ನಾನು ಬಗ್ಗಿ ಮುತ್ತಿಟ್ಟೆ.

"ಬಾ ಹ್ಲೈಕಿ. ಕೆಲಸ ಸಿಕ್ತಾ?"

"ಇನ್ನೂ ಇಲ್ಲ ನೈನ್."

"ಬಾಯಿ ಬಿಟ್ಟು ಕೇಳಿದ್ರೆ ತಾನೇ ಸಿಗೋದು! ನೀನೋ, ಬಾಯಲ್ಲಿ ಮುತ್ತಿದೆ ಅನ್ನೋ ಹಾಗೆ ಮುಚ್ಕೊಂಡಿರ್ತೀಯ. ನಿನ್ನ ವಯಸ್ಸಲ್ಲಿ ನಾನು ಸಂತೇಲಿ ಹಂದಿ ಮಾರ್ತಿದ್ದೆ."

"ಹಂದಿ ಸಾಕೋಣ ಅಂತಿದೀಯಾ ಹ್ಲೈಕಿ?" ಎಂದು ಗೆರೈಂಟ್ ದೊಡ್ಡಪ್ಪ ಪಕ್ಕದಿಂದ ನಕ್ಕ. ಅವನು ಚಾಪೆಲ್ಲಿನ ಹಿರಿಯರಲ್ಲಿ ಒಬ್ಬ. ಇಂಥ ಕೂಟಗಳನ್ನು ನಡೆಸಿಕೊಡುವುದು ಯಾವಾಗಲೂ ಅವನೇ. ನಾನು ಯಥಾಪ್ರಕಾರ ನಕ್ಕು ಗೋಡೆಗಂಟಿದ ಕುರ್ಚಿ ಹಿಡಿದೆ.

ಅಮ್ಮ ಟೀಪಾಟು ಹಿಡಿದು ಸುತ್ತುತ್ತಿದ್ದಳು. ನೀಲಿ ಉಡುಪು ಹಾಕಿದ್ದಳು. ಅವಳು ಹತ್ತಿರ ಹೋದ ಮೇಜುಗಳಲ್ಲೆಲ್ಲ ಮಾತು ಇಂಗ್ಲಿಷಿಗೆ ಹೊರಳುತ್ತಿತ್ತು. ಅವಳು ದಾಟಿದ ಮೇಲೆ ಮತ್ತೆ ವೆಲ್ಷಿಗೆ ವಾಪಸ್ಸು. ಕೋಣೆಯೊಳಗೆ ಅವಳು ಎಲ್ಲಿದ್ದಾಳೆಂದು ಕಣ್ಣು ಮುಚ್ಚಿಕೊಂಡು ಹೇಳಬಹುದಿತ್ತು. ನನ್ನ ಮುಂದೆ ಬಂದು ಕಪ್ಪು ತುಂಬಿಸುವಾಗ ಅವಳ ತುಟಿ ಆಡುತ್ತಿತ್ತು. ಕಪ್ಪು ತುಂಬಿ ಚಹಾ ತಟ್ಟೆಗೆ ಚೆಲ್ಲಿತು. ಮಾತಾಡ್ತೀಯಾ ಎಂದು ಕಣ್ಣಲ್ಲೇ ಕೇಳಿದೆ. ಅವಳು ನನ್ನನ್ನು ನೋಡಲೇ ಇಲ್ಲ.

ಮಾತುಗಳು ಶುರುವಾದವು. ದೊಡ್ಡಪ್ಪನ ಮನೆಯಿಂದ ಮೆನ್ನಾ ದೊಡ್ಡಮ್ಮ ಎದ್ದು, ಕಾಲು ಗಂಟೆ, ಒಂದೂ ತಪ್ಪಿಲ್ಲದ ವೆಲ್ಷಿನಲ್ಲಿ, ಯಾರಿಗೂ ನೆನಪಿರದ ಹಾಗೆ ಮಾತಾಡಿದಳು. ಆಮೇಲೆ ದೊಡ್ಡಪ್ಪ, "ಈಗ ಇವೊರ್ ಮನೆಯಿಂದ. ಏಳಪ್ಪಾ, ನಿನ್ನ ದೀರ್ಘ ಭಾಷಣಕ್ಕೆ ಎಲ್ಲರೂ ಕಾಯ್ತಿದಾರೆ," ಅಂದ. ಜನ ನಕ್ಕರು. ಅಪ್ಪ ಕುರ್ಚಿ ಹಿಂದೆ ತಳ್ಳಿದ.

"ನಾನ್ ಹೇಳ್ತೀನಿ," ಎಂದು ಅಮ್ಮ ಅವನ ಹೆಗಲು ಒತ್ತಿ ಕೂರಿಸಿದಳು. ಟೀಪಾಟನ್ನು ಮೇಜಿನ ಮೇಲಿಟ್ಟಳು. ಅಪ್ಪನ ಮುಖ ನೋಡಬೇಕಿತ್ತು. ಅವಳು ಚಾಪೆಲ್ಲಿನ ಚಾವಣಿ ಹತ್ತಿ ನಿಂತಿದ್ದಾಳೇನೋ ಎಂಬಂತಿದ್ದ.

ಅವಳು ನೈನ್‌ಳ ಕಡೆಗೇ ತಿರುಗಿ ನಿಂತಳು. ಬೇರೆ ಯಾರನ್ನೂ ನೋಡಲಿಲ್ಲ.

"ಮಿ ದೆಸ್ ಇ ಅಮಾ," ಅಂದಳು. ನಾನು ಇಲ್ಲಿಗೆ ಬಂದೆ.

ಕೋಣೆಯಲ್ಲಿ ಚಮಚಗಳ ಸದ್ದು ನಿಂತಿತು. ಎಲ್ಲೋ ಒಬ್ಬರು "ಓ!" ಅಂದರು, ಮಗು ಮೊದಲ ಸಲ ಎದ್ದು ನಿಂತಾಗ ಅನ್ನುತ್ತಾರಲ್ಲ, ಹಾಗೆ. ನನ್ನ ಕೈ ಕುರ್ಚಿಯ ಅಂಚು ಹಿಡಿದಿತ್ತು.

"ಅಮ್ ಇನ್ ಹಾವ್." ಒಂದು ಬೇಸಿಗೆಗೆ ಎಂದು.

ಸರಿಯಾಗಿತ್ತು. ಎಲ್ಲವೂ ಸರಿಯಾಗಿತ್ತು. ನೈನ್ ತಲೆ ಎತ್ತಿ ನೋಡಿದಳು. ಅವಳ ಕೈಯಲ್ಲಿದ್ದ ಕಪ್ಪು ಅರ್ಧದಲ್ಲೇ ನಿಂತಿತ್ತು.

"ಅಗ್ ಮಿ ಅರ್..."

ನಿಂತಳು.

ಬಾತ್‌ರೂಮಿನಲ್ಲಿ ನಿಂತ ಹಾಗೆಯೇ ನಿಂತಳು. ಅವಳು ಮರೆತಿಲ್ಲ ಎಂದು ನನಗೆ ಗೊತ್ತಿತ್ತು. ಆ ಇಡೀ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಮಿಕ್ಕವರಿಗೆ ಕಂಡದ್ದು ಕತ್ತಿನವರೆಗೆ ಕೆಂಪಾಗಿ, ಬಾಯಿ ತೆರೆದು ನಿಂತ ಒಬ್ಬ ಇಂಗ್ಲಿಷ್ ಹೆಂಗಸು. ಅಷ್ಟು ಸಾಕು ನಮ್ಮವರಿಗೆ. ಅಷ್ಟೂ ಜನರ ಮುಖದಲ್ಲಿ ಒಳ್ಳೆಯತನ ಹಾಲಿನ ಹಾಗೆ ಉಕ್ಕಿ ಬಂತು.

"ಪರವಾಗಿಲ್ಲ ಡೆನೀಸ್!" ಅಂದ ಗೆರೈಂಟ್ ದೊಡ್ಡಪ್ಪ ಇಂಗ್ಲಿಷಿನಲ್ಲಿ. "ಇಂಗ್ಲಿಷಲ್ಲೇ ಹೇಳಮ್ಮ, ನಾವೆಲ್ಲ ನಮ್ಮವರೇ ಅಲ್ವಾ!"

"ಶಭಾಷ್, ಮೆಚ್ಚಬೇಕು!" ಅಂದಳು ಮೆನ್ನಾ ದೊಡ್ಡಮ್ಮ, ಚಪ್ಪಾಳೆ ಶುರುಮಾಡುತ್ತ. "ಪ್ರಯತ್ನ ಪಟ್ಟಳಲ್ಲ, ಅಷ್ಟೇ ಸಾಕು!"

ಚಪ್ಪಾಳೆ ಒಂದು ಮೇಜಿನಿಂದ ಇನ್ನೊಂದಕ್ಕೆ ಹಬ್ಬಿತು. ನೆಸ್ತಾ ಕಣ್ಣೊರೆಸಿಕೊಂಡಳು. ಅಪ್ಪ ಕೂಡ, ನಮ್ಮಪ್ಪ ಕೂಡ, ಹೆಮ್ಮೆಯಿಂದ ದೊಡ್ಡ ಎಣ್ಣೆಗೈಗಳನ್ನು ತಟ್ಟುತ್ತಿದ್ದ. ನೈನ್ ಕಪ್ಪು ಕೆಳಗಿಟ್ಟು, ತನ್ನ ಅತ್ಯಂತ ಮರ್ಯಾದೆಯ ಇಂಗ್ಲಿಷಿನಲ್ಲಿ, "ತುಂಬಾ ಥ್ಯಾಂಕ್ಸ್ ಡೆನೀಸ್," ಅಂದಳು.

ಅಮ್ಮನ ಬಾಯಿ ಇನ್ನೂ ತೆರೆದೇ ಇತ್ತು. ಆಮೇಲೆ ಅದು ನಿಧಾನ ಮುಚ್ಚಿತು. ನಕ್ಕಳು. ಮೂವತ್ತು ವರ್ಷ ಎಲ್ಲರ ಮನೆಯಲ್ಲೂ ನಕ್ಕ ಅದೇ ನಗೆ, ಅದನ್ನು ನಾನು ಅವಳಿಂದಲೇ ಕಲಿತದ್ದೆಂದು ಆಗ ಹೊಳೆಯಿತು. ಅವಳ ಕೈ ಟೀಪಾಟಿನ ಹಿಡಿಗೆ ಹೋಯಿತು.

ನನಗೆ ಬಂದ ಸಿಟ್ಟನ್ನು ಏನೆಂದು ಹೇಳಲಿ. ತಿಂಗಳಿಡೀ ಬಂದಿದ್ದ ಸಿಟ್ಟೇ ಅದು, ಆದರೆ ಅಷ್ಟು ದಿನ ವಿಳಾಸ ತಪ್ಪಿ ಅಮ್ಮನ ಮನೆಗೆ ಹೋಗುತ್ತಿತ್ತು. ಎದ್ದು ನಿಂತದ್ದು ಗೊತ್ತಾಗಲಿಲ್ಲ. ನನ್ನ ಕುರ್ಚಿ ಗೋಡೆಗೆ ಬಡಿದ ಸದ್ದಿಗೆ ಹತ್ತಿರದ ಮೇಜಿನವರು ತಿರುಗಿ ನೋಡಿದರು.

"ನಿಲ್ಲಿಸಿ," ಅಂದೆ.

ಯಾರಿಗೂ ಕೇಳಿಸಲಿಲ್ಲ. ನನಗೇ ಸರಿಯಾಗಿ ಕೇಳಿಸಲಿಲ್ಲ.

"ಏನಂದೆ ಹ್ಲೈಕಿ?" ಅಂದ ದೊಡ್ಡಪ್ಪ, ಚಪ್ಪಾಳೆ ತಟ್ಟುತ್ತಲೇ, ನಗುತ್ತಲೇ. "ನೀನೂ ಮಾತಾಡ್ತೀಯಾ? ಇವತ್ತು ಹಬ್ಬವೋ ಹಬ್ಬ!"

ಎಲ್ಲ ಕಣ್ಣುಗಳೂ ನನ್ನ ಮೇಲೆ. ಅಮ್ಮ ಬೇಡ ಎಂದು ಸಣ್ಣಗೆ ತಲೆಯಾಡಿಸಿದಳು. ಮಾತು ಅರ್ಧಕ್ಕೆ ಬಿಡುವುದು ಅವಳಿಗೂ ಅಭ್ಯಾಸವಾಗಿತ್ತು.

"ಅಮ್ಮ ಮಾತು ಮುಗಿಸಿಲ್ಲ ದೊಡ್ಡಪ್ಪ," ಅಂದೆ, ಈ ಸಲ ಕೋಣೆಯ ಆ ಕೊನೆಗೂ ಕೇಳುವ ಹಾಗೆ. "ಮೂವತ್ತು ವರ್ಷದಿಂದ ನಾವ್ಯಾರೂ ಮುಗಿಸೋಕೆ ಬಿಟ್ಟೇ ಇಲ್ಲ."